ಮೊದಲು ಕಿವಿ ಪಳಗಲಿ

ಬೆಂಗಳೂರಿನಲ್ಲಿ ಫ್ರೆಂಚ್ ಭಾಷೆಯ ಎ1 ಹಂತ ಮುಗಿಸಿ ಲಿಯೋನ್ ನಗರಕ್ಕೆ ಹೋದ ಮೊದಲ ವಾರ. ಮನೆಯ ಒಡತಿ ತಮ್ಮ ಫೋನ್ ನಂಬರ್ ಹೇಳಿದರು. ಅಲ್ಲಿ ನಂಬರನ್ನು ಎರಡೆರಡು ಅಂಕಿಯ ಜೋಡಿಯಾಗಿ ಹೇಳುತ್ತಾರೆ. ‘ಸ್ವಸಾಂತ್’ ಎಂದು ಕೇಳಿಸಿತು, 60 ಬರೆದೆ. ಮಾತು ‘ದಿಜ್ವಿತ್’ ಎಂದು ಮುಂದುವರಿಯಿತು. ಅರವತ್ತು, ಹದಿನೆಂಟು ಸೇರಿ 78! ತಿದ್ದುವಷ್ಟರಲ್ಲಿ ಮುಂದಿನ ಜೋಡಿ ದಾಟಿಹೋಗಿತ್ತು. ನೂರರವರೆಗಿನ ಎಣಿಕೆ ನನಗೆ ಬಾಯಿಪಾಠವಾಗಿತ್ತು. ಕಿವಿಗೆ ಮಾತ್ರ ಬಂದಿರಲಿಲ್ಲ.

ಮೊದಲ ಹಂತ ಮುಗಿಸಿದವರು ‘ಮುಂದೇನು?’ ಎಂದು ಕೇಳಿದರೆ ನಾನು ಹೇಳುವುದು ಇದನ್ನೇ: ಕಿವಿ ಪಳಗಿಸಿಕೊಳ್ಳಿ.

ನನಗೆ ಕೈಹಿಡಿದದ್ದು ಫ್ರಾನ್ಸಿನ ಆರ್‌ಎಫ್‌ಐ ರೇಡಿಯೊದ ‘ಜುರ್ನಾಲ್ ಆಂ ಫ್ರಾಂಸೆ ಫಾಸಿಲ್’, ಅಂದರೆ ಸುಲಭ ಫ್ರೆಂಚಿನ ವಾರ್ತೆ. ಹತ್ತು ನಿಮಿಷದ ಈ ವಾರ್ತೆಯ ಲಿಖಿತ ಪಾಠವೂ ಸಿಗುತ್ತದೆ. ಮೊದಲು ಬರೀ ಕೇಳುತ್ತಿದ್ದೆ, ಆಮೇಲೆ ಓದುತ್ತ ಕೇಳುತ್ತಿದ್ದೆ, ಕೊನೆಗೆ ಹಾಳೆ ಮಡಚಿಟ್ಟು ಮತ್ತೆ ಕೇಳುತ್ತಿದ್ದೆ. ಅರ್ಥವಾಗದ ಎಷ್ಟೋ ಕಡೆ ಇದ್ದದ್ದು ನನಗೆ ಗೊತ್ತಿದ್ದ ಪದಗಳೇ. ಅವು ಸಂಧಿಯಾಗಿ ಗುರುತು ಸಿಗದಂತಾಗಿದ್ದವು. ‘ಲೆ’, ‘ಅಮಿ’ ಸೇರಿದರೆ ‘ಲೆಜಾಮಿ’. ‘ಜ’, ‘ಎಮ್’ ಸೇರಿದರೆ ‘ಜೆಮ್’. ‘ಊರು’, ‘ಅಲ್ಲಿ’ ಸೇರಿ ‘ಊರಲ್ಲಿ’ ಆಗುವುದನ್ನು ಬಲ್ಲ ಕನ್ನಡದ ಕಿವಿಗೆ ಇದು ತೀರ ಪರಕೀಯವಲ್ಲ. ‘ತ್ಯು’ ಮತ್ತು ‘ವು’ ಕೂಡ ಹಾಗೆಯೇ, ನಮ್ಮ ನೀನು, ನೀವುಗಳ ಅಣ್ಣತಮ್ಮಂದಿರು. ಅಂಗಡಿಯಲ್ಲಿ, ಅಪರಿಚಿತರ ಮುಂದೆ ‘ವು’ ತಪ್ಪಿಸಬೇಡಿ.

ಓದಲು ಹೊರಟವರು ಸಾಮಾನ್ಯವಾಗಿ ‘ಲೆ ಪೆತಿ ಪ್ರಾಂಸ್’ ಕೈಗೆತ್ತಿಕೊಳ್ಳುತ್ತಾರೆ. ನಾನೂ ಹಾಗೇ ಮಾಡಿದೆ. ಅದರಲ್ಲಿ ಬರುವ, ಬರವಣಿಗೆಗೇ ಮೀಸಲಾದ ಭೂತಕಾಲದ ರೂಪಗಳನ್ನು ಮೊದಲ ಹಂತದಲ್ಲಿ ಕಲಿಸುವುದಿಲ್ಲ; ಪುಟಪುಟಕ್ಕೂ ಮುಗ್ಗರಿಸಿದೆ. ಗೊಸಿನಿ ಬರೆದು ಸಾಂಪೆ ಚಿತ್ರ ಬಿಡಿಸಿದ ‘ಲೆ ಪೆತಿ ನಿಕೊಲಾ’ ಕಥೆಗಳನ್ನು ಹೇಳುವವನು ಶಾಲೆಯ ಹುಡುಗ. ಅವನದು ಆಡುಮಾತು. ಅಲ್ಲಿಂದ ಶುರುಮಾಡಿ.

ರಾತ್ರಿ ಮಲಗುವ ಮುನ್ನ ಆ ದಿನದ ಬಗ್ಗೆ ಐದು ವಾಕ್ಯ ಬರೆದು, ಗಟ್ಟಿಯಾಗಿ ಓದಿ. ಗುರಿಯೊಂದು ಬೇಕೆನಿಸಿದರೆ ಡೆಲ್ಫ್ ಎ2 ಪರೀಕ್ಷೆ ಕಟ್ಟಿ. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು, ನಾಲ್ಕಕ್ಕೂ ತಲಾ 25 ಅಂಕ. ಒಟ್ಟು 50 ಬಂದರೆ ಪಾಸು, ಆದರೆ ಯಾವುದರಲ್ಲೂ 5ಕ್ಕಿಂತ ಕಡಿಮೆ ಬರುವಂತಿಲ್ಲ. ಕಿವಿಯನ್ನು ಕಡೆಗಣಿಸಿದವರಿಗೆ ಅಲ್ಲೂ ಬಿಡುಗಡೆಯಿಲ್ಲ.

ಆರು ತಿಂಗಳ ಮೇಲೆ ಇನ್ನೊಬ್ಬರು ನಂಬರ್ ಹೇಳಿದರು. ‘ಸ್ವಸಾಂತ್’ ಎಂದಾಗ ಪೆನ್ನು ಹಾಳೆಯ ಮೇಲೆಯೇ ನಿಂತಿತು. ಜೋಡಿ ಪೂರ್ತಿಯಾಗುವವರೆಗೆ ಕಾದು 74 ಎಂದು ಬರೆದೆ.