ಯುದ್ಧ ವಿಮಾನದ ಕ್ಯಾನೋಪಿ ಮತ್ತು ನಮ್ಮ ಅಜ್ಜಿಯ ಚಸ್ಮಾ



ಹೋದ ತಿಂಗಳು ನಮ್ಮ ಅಜ್ಜಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಆಮೇಲೆ ಹೊಸ ಚಸ್ಮಾ ಬಂತು. ಅದರ ಮೇಲೆ ಧೂಳು ಕೂತಿದ್ದನ್ನು ಕಂಡು ನಾನು ಅಂಗಿಯ ತುದಿಯಿಂದ ಗಸಗಸ ಒರೆಸಿದೆ. ನೋಡಿದರೆ ಗೀರೋ ಗೀರು! "ದೀಪ ನೋಡಿದ್ರ ಸುತ್ತಾ ಎಳಿ ಎಳಿ ಕಾಣಸ್ತಾವಪಾ" ಎಂದು ಅಜ್ಜಿ ಅಂದಾಗ ನನಗೆ ಬಹಳ ಕೆಟ್ಟೆನಿಸಿತು.

ಅಲ್ಲೇ ನಮ್ಮ ಸೋದರಮಾವ ಕೂತಿದ್ದರು. ಅವರು ವಾಯುಪಡೆಯಲ್ಲಿ ವಿಮಾನ ರಿಪೇರಿ ಕೆಲಸ ಮಾಡಿ ನಿವೃತ್ತರಾದವರು. ಅವರು ಬೈಯಲಿಲ್ಲ. "ತಮ್ಮಾ, ಇದೇ ತಪ್ಪು ವಿಮಾನದ ಮ್ಯಾಲೆ ಮಾಡಿದ್ರ ಏನಾಗ್ತದ ಗೊತ್ತೇನು?" ಎಂದು ಕೇಳಿದರು. ಅವರು ಹೇಳಿದ್ದನ್ನೂ ನಾನು ಓದಿ ತಿಳಿದದ್ದನ್ನೂ ಇಲ್ಲಿ ಬರೆದಿದ್ದೇನೆ.

ಕ್ಯಾನೋಪಿ ಎಂದರೇನು?

ನಮ್ಮೂರ ಮೇಲೆ ಹಾರುವ ಹಾಕ್ ವಿಮಾನಗಳನ್ನು ಎಲ್ಲರೂ ನೋಡಿದ್ದೀರಿ. ಬೀದರ್ ವಾಯುಪಡೆ ನೆಲೆಯಲ್ಲಿ ಯುದ್ಧ ವಿಮಾನ ನಡೆಸಲು ಕಲಿಯುವವರು ಇವುಗಳಲ್ಲಿ ತರಬೇತಿ ಪಡೆಯುತ್ತಾರೆ. ಪೈಲಟ್ ಕೂರುವ ಜಾಗಕ್ಕೆ ಕಾಕ್‌ಪಿಟ್ ಎನ್ನುತ್ತಾರೆ. ಅದರ ಮೇಲಿರುವ ಪಾರದರ್ಶಕ ಮುಚ್ಚಳವೇ ಕ್ಯಾನೋಪಿ.

ಅದು ಗಾಜು ಅಂತ ನಾನು ತಿಳಿದಿದ್ದೆ. ಅಲ್ಲ, ಅದು ಪ್ಲಾಸ್ಟಿಕ್! ಬಹಳಷ್ಟು ವಿಮಾನಗಳಲ್ಲಿ ಅಕ್ರಿಲಿಕ್ ಬಳಸುತ್ತಾರೆ. ಅಮೆರಿಕದ ಎಫ್-16 ವಿಮಾನದ್ದು ಪಾಲಿಕಾರ್ಬೊನೇಟ್. ಇವುಗಳ ತೂಕ ಅಷ್ಟೇ ಗಾತ್ರದ ಗಾಜಿನ ತೂಕದ ಅರ್ಧಕ್ಕಿಂತ ಕಡಿಮೆ. ಕಾಯಿಸಿದರೆ ಗುಳ್ಳೆಯ ಆಕಾರಕ್ಕೆ ಬಗ್ಗುತ್ತವೆ. ಆದರೆ ಒಂದು ದೋಷ ಇದೆ. ಗಾಜಿಗಿಂತ ಮೆತ್ತಗಿರುವುದರಿಂದ ಬೇಗ ಗೀರು ಬೀಳುತ್ತದೆ.

ಒಂದು ಗೀರಿನಿಂದ ಏನು ತೊಂದರೆ?

ಒಂದು ಲೆಕ್ಕ ಮಾಡೋಣ. ಎರಡು ವಿಮಾನಗಳು ಎದುರುಬದುರಾಗಿ ಗಂಟೆಗೆ 900 ಕಿ.ಮೀ. ವೇಗದಲ್ಲಿ ಬರುತ್ತಿವೆ ಎನ್ನಿ. ಇಬ್ಬರ ವೇಗ ಕೂಡಿದರೆ 1800 ಕಿ.ಮೀ. ಅಂದರೆ ಸೆಕೆಂಡಿಗೆ 500 ಮೀಟರ್. ನಡುವೆ 5 ಕಿ.ಮೀ. ಅಂತರವಿದ್ದರೂ ಎದುರಾಗಲು 10 ಸೆಕೆಂಡ್ ಸಾಕು! ದೂರದ ವಿಮಾನ ಒಂದು ಚುಕ್ಕೆಯಂತೆ ಕಾಣುತ್ತದೆ. ಕ್ಯಾನೋಪಿಯ ಮೇಲಿನ ಕಲೆಯೂ ಚುಕ್ಕೆಯಂತೆಯೇ ಕಾಣುತ್ತದೆ. ಯಾವುದು ವಿಮಾನ, ಯಾವುದು ಕಲೆ ಎಂದು ಯೋಚಿಸಲು ವೇಳೆ ಎಲ್ಲಿದೆ? ಸೂರ್ಯ ಎದುರಿಗಿದ್ದರೆ ಗೀರುಗಳೆಲ್ಲ ಹೊಳೆದು ಕಣ್ಣು ಕೋರೈಸುತ್ತವೆ.

ಕ್ಯಾನೋಪಿಯ ವೈರಿಗಳು

1. ಧೂಳು: ಒಣ ಬಟ್ಟೆಯಿಂದ ತಿಕ್ಕಿದರೆ ಧೂಳಿನ ಕಣಗಳೇ ಉಗುರಿನಂತೆ ಗೀರುತ್ತವೆ. ಮೇಲಾಗಿ ತಿಕ್ಕಿದಾಗ ಸ್ಥಿರ ವಿದ್ಯುತ್ ಹುಟ್ಟಿ ಇನ್ನಷ್ಟು ಧೂಳನ್ನು ಎಳೆದುಕೊಳ್ಳುತ್ತದೆ.

2. ರಾಸಾಯನಿಕ: ಪೆಟ್ರೋಲ್, ಅಸಿಟೋನ್, ಸ್ಪಿರಿಟ್ ತಾಗಿದರೆ ಅಕ್ರಿಲಿಕ್‌ನಲ್ಲಿ ಜೇಡರ ಬಲೆಯಂತೆ ಸಣ್ಣ ಸಣ್ಣ ಬಿರುಕು ಏಳಬಹುದು. ಬಿಸಿಲೂ ನಿಧಾನವಾಗಿ ಕೆಡಿಸುತ್ತದೆ. ಅದಕ್ಕೇ ನಿಂತ ವಿಮಾನಕ್ಕೆ ಹೊದಿಕೆ ಹಾಕುತ್ತಾರೆ.

3. ಶಾಖ ಮತ್ತು ಒತ್ತಡ: ನೆಲದ ಮೇಲೆ ಬೇಸಿಗೆಯಲ್ಲಿ 40 ಡಿಗ್ರಿ ಬಿಸಿ. 11 ಕಿ.ಮೀ. ಎತ್ತರದಲ್ಲಿ ಸುಮಾರು ಮೈನಸ್ 56 ಡಿಗ್ರಿ ಚಳಿ! ಅಲ್ಲಿ ಗಾಳಿಯ ಒತ್ತಡ ನೆಲದ ಮೇಲಿನ ಒತ್ತಡದ ಕಾಲು ಭಾಗದಷ್ಟೂ ಇರುವುದಿಲ್ಲ. ಒಳಗಿನ ಗಾಳಿ ಕ್ಯಾನೋಪಿಯನ್ನು ಹೊರಗೆ ದಬ್ಬುತ್ತದೆ. ಪ್ರತಿ ಹಾರಾಟದಲ್ಲೂ ಹೀಗೇ ಆಗುವುದರಿಂದ ಸಣ್ಣ ಬಿರುಕು ದೊಡ್ಡದಾಗಬಹುದು. ಅಂಚಿನ ರಬ್ಬರ್ ಸವೆದರೆ ಗಾಳಿ ಸೋರುತ್ತದೆ.

ಕಾಪಾಡುವುದು ಹೇಗೆ?

ಮೊದಲು ಕೈಯ ಉಂಗುರ, ಗಡಿಯಾರ ತೆಗೆದಿಡಬೇಕು. ಧಾರಾಳ ನೀರು ಹಾಕಿ ಬರಿಗೈಯಿಂದ ಮೆಲ್ಲಗೆ ಸವರಿ ಮಣ್ಣು ಬಿಡಿಸಬೇಕು. ಕೈಗೆ ಹರಳು ತಾಗಿದರೆ ಗೊತ್ತಾಗುತ್ತದೆ, ಬಟ್ಟೆಗೆ ಗೊತ್ತಾಗುವುದಿಲ್ಲ! ಆಮೇಲೆ ಮೃದು ಸಾಬೂನಿನ ನೀರು, ಕೊನೆಗೆ ಸ್ವಚ್ಛ ಮೆತ್ತನೆಯ ಹತ್ತಿ ಬಟ್ಟೆ.

ಗೀರು ಬಿದ್ದರೆ ಅದರ ಆಳ ನೋಡುತ್ತಾರೆ. ಸಣ್ಣದಾದರೆ ನುಣುಪಾದ ಕಾಗದದಿಂದ, ಆಮೇಲೆ ಇನ್ನೂ ನುಣುಪಾದದ್ದರಿಂದ ತಾಳ್ಮೆಯಿಂದ ಉಜ್ಜಿ ಪಾಲಿಶ್ ಮಾಡುತ್ತಾರೆ. ಒಂದೇ ಕಡೆ ಹೆಚ್ಚು ಉಜ್ಜಿದರೆ ಅಲ್ಲಿ ತಗ್ಗಾಗಿ ಹೊರಗಿನ ವಸ್ತು ಸೊಟ್ಟಗೆ ಕಾಣುತ್ತದೆ. ಗೀರು ಆಳವಾಗಿದ್ದರೆ ಕ್ಯಾನೋಪಿಯನ್ನೇ ಬದಲಿಸಬೇಕು.

ಗಟ್ಟಿಯೂ ಇರಬೇಕು, ಒಡೆಯಲೂಬೇಕು

ಹಕ್ಕಿ ಬಡಿದರೂ ಕ್ಯಾನೋಪಿ ತಾಳಬೇಕು. ಆದರೆ ಅಪಾಯದಲ್ಲಿ ಪೈಲಟ್ ಕುರ್ಚಿ ಸಮೇತ ಹೊರಗೆ ಚಿಮ್ಮುವಾಗ ಅದು ದಾರಿ ಬಿಡಬೇಕು. ಹಾಕ್ ವಿಮಾನದ ಕ್ಯಾನೋಪಿಯ ಮೇಲೆ ಹಾವಿನಂತೆ ಅಂಕುಡೊಂಕು ಗೆರೆ ಇರುತ್ತದೆ. ಅದು ಅಲಂಕಾರವಲ್ಲ, ಸಿಡಿಮದ್ದು ತುಂಬಿದ ಹುರಿ! ಕ್ಷಣಾರ್ಧದಲ್ಲಿ ಕ್ಯಾನೋಪಿಯನ್ನು ಒಡೆಯುತ್ತದೆ. ಆದ್ದರಿಂದ ಅದರ ಹತ್ತಿರ ಕೆಲಸ ಮಾಡುವವರು ಸುರಕ್ಷತಾ ಪಿನ್ನು ಹಾಕಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಇಲ್ಲವಾದರೆ ಅವರ ಜೀವಕ್ಕೇ ಕುತ್ತು.

2006ರ ಏಪ್ರಿಲ್‌ನಲ್ಲಿ ಅಮೆರಿಕದ ಲ್ಯಾಂಗ್ಲಿ ನೆಲೆಯಲ್ಲಿ ಎಫ್-22 ವಿಮಾನದ ಕ್ಯಾನೋಪಿ ತೆರೆಯದೆ ಪೈಲಟ್ ಸುಮಾರು ಐದು ತಾಸು ಒಳಗೇ ಸಿಕ್ಕಿಕೊಂಡಿದ್ದ. ಕಡೆಗೆ ಗರಗಸದಿಂದ ಕೊಯ್ದು ಹೊರತೆಗೆದರು. ಎಷ್ಟೇ ಬೆಲೆಯ ವಿಮಾನವಾದರೂ ಮುಚ್ಚಳ ಸರಿ ಇರಬೇಕಲ್ಲವೇ?

ಅಜ್ಜಿಯ ಕಣ್ಣಿನೊಳಗಿನ ವಿಮಾನ

ಈಗ ನನಗೆ ಬಹಳ ಆಶ್ಚರ್ಯವಾದ ವಿಷಯ ಹೇಳುತ್ತೇನೆ. ಎರಡನೇ ಮಹಾಯುದ್ಧದಲ್ಲಿ, 1940ರಲ್ಲಿ, ಗುಂಡು ತಾಗಿ ಕ್ಯಾನೋಪಿ ಒಡೆದು ಅದರ ಚೂರುಗಳು ಒಬ್ಬ ಬ್ರಿಟಿಷ್ ಪೈಲಟ್‌ನ ಕಣ್ಣುಗಳಿಗೆ ಹೊಕ್ಕವು. ಹೆರಾಲ್ಡ್ ರಿಡ್ಲಿ ಎಂಬ ಕಣ್ಣಿನ ವೈದ್ಯರು ಇಂಥ ಗಾಯಗಳನ್ನು ನೋಡಿದರು. ಅಕ್ರಿಲಿಕ್ ಚೂರು ಒಳಗೇ ಉಳಿದರೂ ಕಣ್ಣು ಅದನ್ನು ಸಹಿಸಿಕೊಳ್ಳುತ್ತದೆ ಎಂದು ಅವರಿಗೆ ತಿಳಿಯಿತು. ಹಾಗಾದರೆ ಅದರಿಂದಲೇ ಲೆನ್ಸ್ ಮಾಡಬಾರದೇಕೆ? 1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ಅಂಥ ಲೆನ್ಸನ್ನು ಒಬ್ಬರ ಕಣ್ಣಿನಲ್ಲಿ ಇಟ್ಟರು. ಇಂದಿಗೂ ಪೊರೆ ತೆಗೆದ ಮೇಲೆ ಇಡುವ ಹಲವು ಲೆನ್ಸುಗಳು ಅಕ್ರಿಲಿಕ್ ಜಾತಿಯವೇ.

ಇದನ್ನು ಹೇಳಿದಾಗ ಅಜ್ಜಿ ನಕ್ಕು, "ಹಂಗಾದ್ರ ನನ್ ಕಣ್ಣಾಗೂ ಇಮಾನ ಅದ ಅನ್ನು" ಎಂದರು. ಅವರ ಚಸ್ಮಾಕ್ಕೆ ಬೇರೆ ಲೆನ್ಸ್ ಹಾಕಿಸಿದ್ದೇವೆ. ಈಗ ದಿನಾ ಮುಂಜಾನೆ ನಾನೇ ಅದನ್ನು ನೀರಿನಲ್ಲಿ ತೊಳೆದು ಕೊಡುತ್ತೇನೆ.

ನೀವೂ ಮಾಡಿ ನೋಡಿ: ಎರಡು ಹಳೆಯ ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲ್‌ಗಳ ಮೇಲೆ ಧೂಳು ಉದುರಿಸಿ. ಒಂದನ್ನು ಒಣ ಬಟ್ಟೆಯಿಂದ ಒರೆಸಿ. ಇನ್ನೊಂದನ್ನು ಮೊದಲು ನೀರಿನಿಂದ ತೊಳೆದು ಆಮೇಲೆ ಒರೆಸಿ. ಕತ್ತಲಲ್ಲಿ ಓರೆಯಾಗಿ ಬ್ಯಾಟರಿ ಬಿಟ್ಟು ನೋಡಿ. ವ್ಯತ್ಯಾಸವನ್ನು ನನಗೆ ಹೇಳಿ.

ಇದರಲ್ಲಿ ತಪ್ಪಿದ್ದರೆ ಗುರುಗಳು ತಿದ್ದಬೇಕೆಂದು ಕೇಳಿಕೊಳ್ಳುತ್ತೇನೆ.

— 9ನೇ ತರಗತಿ