ಶ್ವಾಸಕೋಶದ ಕ್ಯಾನ್ಸರ್: ‘ಸೇದ್ತಿದ್ರಾ?’ ಎಂದು ಕೇಳುವ ಮುನ್ನ

ಬೇರೆ ಕ್ಯಾನ್ಸರ್ ಬಂದವರನ್ನು ನೋಡಲು ಹೋದಾಗ ನಾವು ‘ಧೈರ್ಯವಾಗಿರಿ’ ಎನ್ನುತ್ತೇವೆ. ಶ್ವಾಸಕೋಶದ ಕ್ಯಾನ್ಸರ್ ಎಂದು ಕಿವಿಗೆ ಬಿದ್ದರೆ ಮೊದಲು ಬಾಯಿಗೆ ಬರುವುದು ‘ಬೀಡಿ, ಸಿಗರೇಟು ಸೇದ್ತಿದ್ರಾ?’ ಎಂಬ ಮಾತು. ಕೇಳಿದವರಿಗೆ ಅದು ಬರೀ ಕುತೂಹಲ. ಹಾಸಿಗೆಯಲ್ಲಿರುವವರಿಗೆ ‘ನೀವೇ ತಂದುಕೊಂಡಿದ್ದು’ ಎಂಬ ತೀರ್ಪು. ಈ ಅಪವಾದಕ್ಕೆ ಅಂಜಿ ಕೆಮ್ಮನ್ನು ಮುಚ್ಚಿಡುವವರು, ಆಸ್ಪತ್ರೆಗೆ ಹೋಗಲು ಹಿಂಜರಿಯುವವರು ಇದ್ದಾರೆ. ತಡವಾದಷ್ಟೂ ಚಿಕಿತ್ಸೆ ಕಷ್ಟವಾಗುವ ಕಾಯಿಲೆ ಇದು. ಆದ್ದರಿಂದ ರೋಗಿಯ ಸುತ್ತ ಇರುವವರು ಏನು ಮಾಡಬಹುದು ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲು ಆ ಪ್ರಶ್ನೆ ಬಿಡಿ

ತಂಬಾಕು ಈ ಕ್ಯಾನ್ಸರಿನ ಅತಿ ದೊಡ್ಡ ಕಾರಣ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅದೊಂದೇ ಅಲ್ಲ. ಸೌದೆ ಒಲೆಯ ಹೊಗೆ, ಮನೆಯವರು ಸೇದಿ ಬಿಟ್ಟ ಹೊಗೆ, ಡೀಸೆಲ್ ಹೊಗೆ, ಕಲ್ನಾರಿನ ದೂಳು, ನೆಲದಿಂದ ಹೊಮ್ಮುವ ರೇಡಾನ್ ಅನಿಲ ಇವೂ ಕಾರಣಗಳೇ. ಹೊರಗಿನ ವಾಯುಮಾಲಿನ್ಯ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2013ರಲ್ಲೇ ಘೋಷಿಸಿದೆ. ಜೀವನದಲ್ಲಿ ಒಂದು ಬೀಡಿಯನ್ನೂ ಮುಟ್ಟದವರಿಗೂ ಈ ಕಾಯಿಲೆ ಬರುತ್ತದೆ. ಭಾರತದಲ್ಲಿ, ಅದರಲ್ಲೂ ಹೆಂಗಸರಲ್ಲಿ, ಅಂಥವರು ಬಹಳ ಮಂದಿ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ‘ಪಾಪ, ಇವರು ಸೇದಿದವರಲ್ಲ’ ಎಂದು ಮರುಗುವಾಗ, ಸೇದಿದವರು ಮರುಕಕ್ಕೆ ಅರ್ಹರಲ್ಲ ಎಂದೂ ಹೇಳಿದಂತಾಗುತ್ತದೆ. ಮೀಸೆ ಮೂಡುವ ವಯಸ್ಸಿನಲ್ಲಿ ಗೆಳೆಯರ ಜೊತೆ ಶುರುವಾಗಿ, ಬಿಡಲಾಗದಂತೆ ಹಿಡಿದುಕೊಳ್ಳುವ ಚಟ ಅದು. ನಿಕೋಟಿನ್ ಮಿದುಳನ್ನೇ ಪಳಗಿಸಿಬಿಡುತ್ತದೆ. ಹೃದಯಾಘಾತವಾದವರ ಮುಂದೆ ಕೂತು ಎಷ್ಟು ಬೋಂಡಾ ತಿಂದಿರಿ ಎಂದು ನಾವು ಲೆಕ್ಕ ಕೇಳುವುದಿಲ್ಲವಲ್ಲ! ಸೇದಿದವರಿಗೂ ಅದೇ ಆರೈಕೆ, ಅದೇ ಗೌರವ ಸಲ್ಲಬೇಕು.

ಮನೆಯಲ್ಲಿ ತಟ್ಟೆ ಲೋಟ ಬೇರೆ ಮಾಡಬೇಡಿ

ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಗೊಂದಲ ಹುಟ್ಟುವುದು ಕ್ಷಯದಿಂದ. ಬಿಡದ ಕೆಮ್ಮು, ಕಫದಲ್ಲಿ ರಕ್ತ, ತೂಕ ಇಳಿಯುವುದು ಎರಡರಲ್ಲೂ ಇರುವುದರಿಂದ ನಮ್ಮಲ್ಲಿ ಎಷ್ಟೋ ಜನರಿಗೆ ಮೊದಲು ಕ್ಷಯದ ಮಾತ್ರೆಯೇ ಶುರುವಾಗಿರುತ್ತದೆ. ಆಮೇಲೆ ಕ್ಯಾನ್ಸರ್ ಎಂದು ತಿಳಿದರೂ ಮನೆಯವರ ಹೆದರಿಕೆ ಹೋಗುವುದಿಲ್ಲ. ಯಂತ್ರದ ಮೂಲಕ ಹೊರಗಿನಿಂದ ರೇಡಿಯೇಷನ್ ಪಡೆದು ಬಂದವರ ಮೈಯಿಂದಲೂ ಏನೂ ಹರಡುವುದಿಲ್ಲ; ಮೊಮ್ಮಕ್ಕಳು ಧಾರಾಳವಾಗಿ ತೊಡೆಯೇರಬಹುದು. ಕೀಮೋ ನಡೆಯುವಾಗ ಕಾಪಾಡಬೇಕಾದ್ದು ರೋಗಿಯನ್ನೇ: ನೆಗಡಿ, ಜ್ವರ ಇದ್ದವರು ಅವರಿಂದ ಸ್ವಲ್ಪ ದೂರವಿರಿ.

ನೋಡಲು ಹೋದಾಗ

‘ಕರ್ಮ’, ‘ಹಣೆಬರಹ’ ಬೇಡ. ನಿಮ್ಮ ಪರಿಚಯದವರು ಇದೇ ಕಾಯಿಲೆಯಿಂದ ತೀರಿಕೊಂಡ ಕಥೆಯಂತೂ ಬೇಡವೇ ಬೇಡ. ‘ಹೇಗಿದ್ದೀರಿ? ಊಟ ಸೇರುತ್ತಾ? ಮುಂದಿನ ಸಲ ಆಸ್ಪತ್ರೆಗೆ ನಾನೂ ಬರಲಾ?’ ಇಷ್ಟು ಸಾಕು. ಬಂದು, ಒಂದಿಷ್ಟು ಹೊತ್ತು ಕೂತು, ಬೇರೆ ಮಾತಾಡಿ ಹೋದರೂ ಅದು ದೊಡ್ಡ ಉಪಕಾರ. ಕಚೇರಿಯವರು ರಜೆ ಕೊಡಲಿ, ಕಾಯಿಲೆಯ ಸುದ್ದಿಯನ್ನು ಒಪ್ಪಿಗೆಯಿಲ್ಲದೆ ಹರಡದಿರಲಿ.

ರೋಗಿಗಳಿಗೆ ಒಂದು ಮಾತು

ನೆಂಟರ ಪ್ರಶ್ನೆಗೆ ಉತ್ತರ ಕೊಡಲೇಬೇಕೆಂದಿಲ್ಲ. ‘ಈಗ ಚಿಕಿತ್ಸೆ ನಡೀತಿದೆ, ಅದರ ಕಡೆ ಗಮನ ಕೊಡ್ತಿದ್ದೀನಿ’ ಎಂದು ಮಾತು ಮುಗಿಸಿ. ವೈದ್ಯರ ಬಳಿ ಮಾತ್ರ ಏನನ್ನೂ ಬಚ್ಚಿಡಬೇಡಿ. ಅವರು ಕೇಳುವುದು ಚಿಕಿತ್ಸೆಗಾಗಿ. ಅವರ ದನಿಯಲ್ಲಿ ಬೈಗುಳ ಕಂಡರೆ, ನೋವಾಯಿತು ಎಂದು ನೇರವಾಗಿ ಹೇಳುವ ಹಕ್ಕು ನಿಮಗಿದೆ. ಇನ್ನೂ ಸೇದುತ್ತಿದ್ದರೆ ‘ಹೇಗೂ ಬಂದಾಯ್ತಲ್ಲ’ ಎಂದು ಕೈಚೆಲ್ಲಬೇಡಿ. ಕಾಯಿಲೆ ಗೊತ್ತಾದ ಮೇಲೆ ಬಿಟ್ಟರೂ ಚಿಕಿತ್ಸೆಗೆ ಬಲ ಬರುತ್ತದೆ, ಆಯಸ್ಸೂ ಹೆಚ್ಚುತ್ತದೆ.

ತಂಬಾಕು ಬಿಡಲು ನೆರವು ಬೇಕಾದರೆ ರಾಷ್ಟ್ರೀಯ ಸಹಾಯವಾಣಿ 1800-11-2356. ರೋಗಿಯೋ ಆರೈಕೆ ಮಾಡುವವರೋ ಮನಸ್ಸು ಕುಗ್ಗಿ ಕೂತಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಎರಡೂ ಉಚಿತ.