ಕೊಯ್ಲಾದ ಗದ್ದೆಯಲ್ಲಿ ರಿಮೋಟ್ ವಿಮಾನ

ಕಾಫಿ ಸೀಮೆಯಲ್ಲಿ ರಿಮೋಟ್ ವಿಮಾನ ಹಾರಿಸಲು ಕಲಿಯಬೇಕೆಂದಿರುವವರು ವಿಮಾನ ಕೊಳ್ಳುವ ಮೊದಲು ಬಯಲು ಹುಡುಕಿಕೊಳ್ಳಬೇಕು. ತೋಟದೊಳಗೆ ಎಲ್ಲಿ ನಿಂತರೂ ಸಿಲ್ವರ್ ಮರ ಅಡ್ಡ. ಕಣ ಸಮತಟ್ಟಾಗಿದ್ದರೂ ಡಿಸೆಂಬರ್‌ನಿಂದ ಅಲ್ಲಿ ಕಾಫಿ ಹರವಿರುತ್ತಾರೆ. ಸುತ್ತ ಲೈನ್ ಮನೆ, ಕರೆಂಟ್ ತಂತಿ ಬೇರೆ. ಹೇಳಿ ಮಾಡಿಸಿದ ಜಾಗವೆಂದರೆ ಭತ್ತ ಕೊಯ್ದ ಗದ್ದೆ ಬಯಲು. ಒಣಗಿದ ಕೂಳೆಯ ಮೇಲೆ ಬಿದ್ದ ಫೋಮ್ ವಿಮಾನ ಸಾಮಾನ್ಯವಾಗಿ ಅಂಟು ಹಚ್ಚಿದರೆ ಸರಿಹೋಗುತ್ತದೆ. ಗದ್ದೆಯವರನ್ನು ಕೇಳಿಯೇ ಇಳಿಯಿರಿ.

ಬೆಳಿಗ್ಗೆ ಮಂಜು ಕರಗಿದ ಮೇಲೆ, ಬಿಸಿಲೇರಿ ಗಾಳಿ ಏಳುವ ಮುನ್ನ ಹಾರಿಸಿ. ಗುಡ್ಡದ ಮರೆ ಶಾಂತವೆನಿಸಿದರೂ ನಂಬಬೇಡಿ: ದಿಬ್ಬ ದಾಟಿದ ಗಾಳಿ ಆಚೆ ಬದಿಯಲ್ಲಿ ಸುಳಿಯಾಗಿ ಇಳಿದು ಪುಟ್ಟ ವಿಮಾನವನ್ನು ನೆಲಕ್ಕೆ ಒತ್ತುತ್ತದೆ.

2021ರ ಡ್ರೋನ್ ನಿಯಮಗಳು ಮಾದರಿ ವಿಮಾನಗಳಿಗೂ ಸಂಬಂಧಿಸಿದವು. ವಿಮಾನ ಸದಾ ಕಣ್ಣಳತೆಯಲ್ಲಿರಬೇಕು. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಜಾಗ ಹಸಿರು ವಲಯವೇ ನೋಡಿಕೊಳ್ಳಿ. ಅಲ್ಲಿ ಹಾರಾಟದ ಎತ್ತರದ ಮಿತಿ 400 ಅಡಿ. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಭದ್ರಾ ಹುಲಿ ಸಂರಕ್ಷಿತ ಪ್ರದೇಶಗಳ ಹತ್ತಿರಕ್ಕೂ ವಿಮಾನ ಒಯ್ಯಬೇಡಿ.

ಮೊದಲ ವಿಮಾನ ಫೋಮಿನದಾಗಿರಲಿ, ರೆಕ್ಕೆ ಒಡಲಿನ ಮೇಲ್ಭಾಗದಲ್ಲಿರಲಿ, ರೆಕ್ಕೆಯ ತುದಿಗಳು ತುಸು ಮೇಲೆತ್ತಿರಲಿ. ಸ್ಟಿಕ್ ಬಿಟ್ಟಾಗ ತಾನೇ ಸಮಸ್ಥಿತಿಗೆ ಮರಳುವ ಗುಣ ಇಂಥ ಟ್ರೇನರ್‌ನದು. ಸುಮಾರು 1,000 ಮೀಟರ್ ಎತ್ತರದ ನಮ್ಮ ಊರುಗಳಲ್ಲಿ ಗಾಳಿ ಕರಾವಳಿಗಿಂತ ಶೇ 10ರಷ್ಟು ತೆಳು. ಹಾಗಾಗಿ ವಿಮಾನ ತುಸು ಹೆಚ್ಚು ವೇಗದಲ್ಲೇ ಇಳಿಯುತ್ತದೆ. ಭಾರ ಕಡಿಮೆಯಿದ್ದಷ್ಟೂ ಒಳ್ಳೆಯದು.

ಜೂನ್‌ನಿಂದ ಹಿಡಿಯುವ ಮಳೆಗಾಲ ಸಿಮ್ಯುಲೇಟರ್‌ಗೆ ಮೀಸಲಿರಲಿ. ಕಂಪ್ಯೂಟರಿನಲ್ಲಿ ಎಷ್ಟು ಸಲ ಬಿದ್ದರೂ ಖರ್ಚಿಲ್ಲ. ಕೈಗೆ ಹತ್ತಬೇಕಾದದ್ದು ಮುಖ್ಯವಾಗಿ ಒಂದೇ ವಿದ್ಯೆ. ವಿಮಾನ ನಿಮ್ಮಿಂದ ದೂರ ಹೋಗುವಾಗ ಬಲಕ್ಕೆ ಸ್ಟಿಕ್ ತಳ್ಳಿದರೆ ಬಲಕ್ಕೇ ವಾಲುತ್ತದೆ. ನಿಮ್ಮತ್ತ ಬರುವಾಗ ಅದೇ ಸ್ಟಿಕ್‌ಗೆ ನಿಮ್ಮ ಎಡಕ್ಕೆ ಹೊರಳುತ್ತದೆ. ಹೊಸಬರ ವಿಮಾನಗಳು ಹೆಚ್ಚಾಗಿ ಬೀಳುವುದು ಈ ಗಲಿಬಿಲಿಯಲ್ಲೇ. ಪರಿಹಾರ ಸುಲಭ: ಎದುರು ಬರುವಾಗ ಯಾವ ರೆಕ್ಕೆ ಕೆಳಗಾಗಿದೆಯೋ ಆ ಕಡೆಗೇ ಸ್ಟಿಕ್ ಒತ್ತಿ, ರೆಕ್ಕೆ ಸಮವಾಗುತ್ತದೆ. ಯೋಚಿಸದೆಯೇ ಬೆರಳು ಹಾಗೆ ಓಡುವವರೆಗೆ ಗದ್ದೆಗೆ ಅವಸರ ಬೇಡ.

ಗದ್ದೆಯಲ್ಲಿ ಮೊದಲು ರಿಮೋಟ್ ಆನ್ ಮಾಡಿ, ಆಮೇಲೆ ವಿಮಾನದ ಬ್ಯಾಟರಿ ಜೋಡಿಸಿ. ಮುಗಿಸುವಾಗ ಮೊದಲು ಬ್ಯಾಟರಿ ಬಿಚ್ಚಿ. ತಯಾರಕರು ಗುರುತಿಸಿದ ಜಾಗದಲ್ಲಿ ರೆಕ್ಕೆಯಡಿ ಎರಡು ಬೆರಳಿಟ್ಟು ಎತ್ತಿ: ಮೂಗು ತುಸು ಬಾಗಿದರೆ ಪರವಾಗಿಲ್ಲ, ಬಾಲ ಕುಸಿದರೆ ಹಾರಿಸಲೇಬೇಡಿ, ಬ್ಯಾಟರಿ ಮುಂದಕ್ಕೆ ಸರಿಸಿ. ರೆಕ್ಕೆಯ ಏಲೆರಾನ್, ಬಾಲದ ಎಲಿವೇಟರ್, ರಡ್ಡರ್ ಸರಿಯಾದ ದಿಕ್ಕಿಗೆ ತಿರುಗುತ್ತಿವೆಯೇ ಪ್ರತಿ ಸಲ ನೋಡಿ.

ಜತೆಗಾರರೊಬ್ಬರು ಗಾಳಿಗೆ ಎದುರಾಗಿ, ರೆಕ್ಕೆ ಸಮವಿಟ್ಟು ವಿಮಾನವನ್ನು ನೇರವಾಗಿ ಎಸೆಯಲಿ. ಪೂರ್ತಿ ಥ್ರಾಟಲ್‌ನಲ್ಲಿ ಮೇಲೇರಿಸಿ. ಮರಗಳಿಗಿಂತ ಸಾಕಷ್ಟು ಮೇಲಾದ ಮೇಲೆ ಅರ್ಧಕ್ಕಿಳಿಸಿ. ತಿರುಗಿಸಲು ಸ್ವಲ್ಪವೇ ವಾಲಿಸಿ, ಎಲಿವೇಟರ್ ಹಗುರಾಗಿ ಎಳೆಯಿರಿ. ಜೋರಾಗಿ ಎಳೆದರೆ ವೇಗ ಸತ್ತು ರೆಕ್ಕೆ ಕುಸಿಯುತ್ತದೆ. ಆಗ ಸ್ಟಿಕ್ ಸಡಿಲಿಸಿ, ಮೂಗು ಬಾಗಿ ವೇಗ ಬಂದ ಮೇಲಷ್ಟೇ ಮೇಲೆತ್ತಿ. ಆರಂಭಕ್ಕೆ ಐದು ನಿಮಿಷ ಸಾಕು. ಲಿಪೊ ಬ್ಯಾಟರಿಯ ಪ್ರತಿ ಸೆಲ್ 3.5 ವೋಲ್ಟ್‌ಗಿಂತ ಕೆಳಗಿಳಿಯದಿರಲಿ. ಇಳಿಸುವಾಗಲೂ ಗಾಳಿಗೆ ಎದುರಾಗಿ, ಬದುವಿಗೆ ಅಡ್ಡ ಬಾರದಂತೆ ಗದ್ದೆಯ ಉದ್ದಕ್ಕೆ ಬನ್ನಿ.

ಎಷ್ಟು ಎಚ್ಚರವಿದ್ದರೂ ಒಂದು ದಿನ ವಿಮಾನ ತೋಟದೊಳಗೆ ಬೀಳುತ್ತದೆ. ಬಿದ್ದ ದಿಕ್ಕನ್ನು ಜತೆಗಾರರು ಗುರುತಿಟ್ಟುಕೊಳ್ಳಲಿ. ಮೂಡಿಗೆರೆ, ಆಲ್ದೂರು ಕಡೆಯಾದರೆ ಆನೆಗಳ ಸುದ್ದಿ ವಿಚಾರಿಸದೆ ಒಳನುಗ್ಗಬೇಡಿ. ಮರದಲ್ಲಿ ಸಿಕ್ಕಿದ್ದರೆ ಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿ ತರುವ ಮುನ್ನ ತಲೆಯ ಮೇಲೆ ತಂತಿ ಇದೆಯೇ ನೋಡಿ. ಆ ಏಣಿ ತಂತಿಗೆ ತಾಗಿ ಜೀವ ಹೋದದ್ದುಂಟು. ಸಿಕ್ಕ ವಿಮಾನದ ಬ್ಯಾಟರಿ ಉಬ್ಬಿದ್ದರೆ ಅಥವಾ ನಜ್ಜಾಗಿದ್ದರೆ ಮತ್ತೆ ಚಾರ್ಜ್ ಮಾಡಬೇಡಿ, ಮನೆಯೊಳಗೂ ತರಬೇಡಿ.